ಅತ್ತೆ ದೋಣಿಯಿಂದ ಇಳಿಯಲಿಲ್ಲ

ನಾಲೆಯ ಕೊನೆಯ ತೂಬಿನಲ್ಲಿ ನೀರು ಬಿಡುವ ನೀರುಗಂಟಿ ನಾನು. ಅದು ನಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರನ್ನೂ ಬಕೆಟಿನಲ್ಲಿ ಹಿಡಿದು ಬದನೆ ಗಿಡಕ್ಕೆ ಹೊರುತ್ತಿದ್ದ ಬೇಸಿಗೆ. ನನ್ನ ಹೆಂಡತಿ, ಅತ್ತೆ, ಬೀದಿಯ ಹೆಂಗಸರು ಸೇರಿ ಗುತ್ತಿಗೆಗೆ ಹಿಡಿದ ತರಕಾರಿ ತೋಟ ತೂಬಿನ ಕೆಳಗೇ ಇತ್ತು. ನಾಲೆಯ ತಳದ ಕೆಸರುಗುಂಡಿಯಿಂದ ಚೊಂಬಿನಲ್ಲಿ ಮೊಗೆದು ಮೊಗೆದು ಅವರು ಗಿಡಗಳಿಗೆ ಕುಡಿಸುತ್ತಿದ್ದರು. ಎಲೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಬಗ್ಗಿದ ಅತ್ತೆಯ ಸೊಂಟ ಬಗ್ಗಿದಂತೆಯೇ ಉಳಿದಿತ್ತು.

ನಾನೋ, ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ನೀರಿಲ್ಲದ ತೂಬನ್ನು ಕಾಯುತ್ತಿದ್ದೆ. ಬೋಳುತಲೆಯವನು ಬಾಚಣಿಗೆ ಜೋಪಾನ ಮಾಡಿದ ಹಾಗೆ. ಜನ ನನ್ನನ್ನು ನೀರಣ್ಣ ಎನ್ನುತ್ತಿದ್ದರು. ನೀರಣ್ಣನಿಗೆ ಈಜು ಬರುತ್ತಿರಲಿಲ್ಲ.

ಅಣೆಕಟ್ಟಿನಲ್ಲಿ ನೀರು ಇಳಿದಾಗ ಸರದಿ ಹಾಕುತ್ತಾರೆ. ಒಂದು ವಾರ ಮೇಲಿನವರಿಗೆ, ಮುಂದಿನ ವಾರ ಕೊನೆಯವರಿಗೆ. ನಮ್ಮ ಸರದಿ ಬಂತು. ಹೆಂಗಸರು ಬದು ಸರಿಮಾಡಿ, ಮಡಿ ಕಟ್ಟಿ ಕಾದರು. ನೀರು ಬರಲಿಲ್ಲ. ಎಂಜಿನಿಯರ್ ಸಾಹೇಬರ ಜೀಪು ಬಂತು.

"ನೋಡಯ್ಯಾ, ಅಣೆಕಟ್ಟು ತಳ ಕಂಡಿದೆ. ಈ ಸಲ ಕೊನೆಯವರಿಗೆ ನೀರಿಲ್ಲ. ನೀನೇ ಹೇಳ್ಬಿಡು. ನಿನ್ನ ಮಾತು ಜನ ಕೇಳ್ತಾರೆ."

ನನ್ನ ಮಾತನ್ನು ನಮ್ಮ ಮನೆಯ ಬೆಕ್ಕೂ ಕೇಳುವುದಿಲ್ಲ. ಆದರೂ ಎದೆ ಒಂದು ಗೇಣು ಉಬ್ಬಿತು. ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. "ಮಹಾಜನಗಳೇ, ಅಣೆಕಟ್ಟಿನಲ್ಲಿ ನೀರಿಲ್ಲ! ನೀರನ್ನು ಮಿತವಾಗಿ ಬಳಸಿ!" ಎಂದು ಬೀದಿ ಬೀದಿ ಕೂಗಿದೆ. ಇಲ್ಲದ ನೀರನ್ನು ಮಿತವಾಗಿ ಬಳಸುವುದು ಹೇಗೆ ಎಂಬುದು ನನ್ನ ತಲೆಗೂ ಹೊಳೆಯಲಿಲ್ಲ. ಅಷ್ಟು ಚೆನ್ನಾಗಿ ಕೇಳಿಸುತ್ತಿತ್ತು ನನ್ನ ದನಿ.

ಅತ್ತೆ ಜೀಪಿಗೆ ಅಡ್ಡ ಬಂದರು.

"ಅಳಿಯಂದ್ರೇ, ಮೇಲಿನ ನಾಲೇಲಿ ನೀರು ಹರೀತಿದೆಯಂತಲ್ಲ? ತರಕಾರಿ ಲಾರಿಯವನು ಕಣ್ಣಾರೆ ನೋಡಿದ್ದಾನೆ. ಅದೆಲ್ಲಿಗೆ ಹೋಗ್ತಿದೆ?"

"ದೊಡ್ಡವರ ವಿಷಯ ನಿಮಗ್ಯಾಕೆ ಅತ್ತೆ?" ಎಂದೆ. ಮೈಕಿನಲ್ಲೇ ಎಂದೆ. ಇಡೀ ಬೀದಿಗೆ ಕೇಳಿಸಿತು. ಅಂದಿನಿಂದ ಹೆಂಡತಿ ಮಾತು ಬಿಟ್ಟಳು. ತಟ್ಟೆ ಕುಕ್ಕುವ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು.

ನಾಲೆಯ ಮೇಲ್ಭಾಗದಲ್ಲಿ ಒಬ್ಬ ಸಾಹುಕಾರ ರೆಸಾರ್ಟ್ ಕಟ್ಟಿಸಿದ್ದ. ಮುಂದೊಂದು ದೊಡ್ಡ ಕೊಳ, ಪಟ್ಟಣದವರು ದೋಣಿಯಲ್ಲಿ ಸುತ್ತಲಿಕ್ಕೆ. ಅದರ ಉದ್ಘಾಟನೆಗೆ ಎಂಜಿನಿಯರ್ ನನ್ನನ್ನೂ ಕರೆದರು. "ಚೆನ್ನಾಗಿ ಕೂಗಿದೆ ಕಣಯ್ಯಾ. ಮನೆಯವರನ್ನೂ ಕರ್ಕೊಂಡು ಬಾ. ದೋಣಿ ಬಿಟ್ಟಿ."

ಬಿಟ್ಟಿ ಎಂದರೆ ನನ್ನ ಬುದ್ಧಿ ರಜೆ ಹಾಕುತ್ತದೆ. ಆ ಕೊಳಕ್ಕೆ ನೀರೆಲ್ಲಿಂದ ಬಂತೆಂದು ಯೋಚಿಸಬೇಕಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದೆ. ಅತ್ತೆ, ಹೆಂಡತಿ ಇಬ್ಬರೂ ತಕರಾರಿಲ್ಲದೆ ಹೊರಟರು. ಮನೆಯ ಜಗಳ ತೀರಿತು ಎಂದುಕೊಂಡೆ.

ದೋಣಿ ಕೊಳದ ನಡುವೆ ಹೋದಾಗ ಅತ್ತೆ ನೀರಿಗೆ ಕೈ ಇಳಿಬಿಟ್ಟರು.

"ಈ ನೀರು ಎಲ್ಲಿಂದಪ್ಪಾ?"

"ನಾಲೆಯಿಂದ ಅಮ್ಮಾ," ಎಂದ ದೋಣಿಯವನು. "ಅಗೋ ಪೈಪು. ಈ ವಾರ ಪೂರ್ತಿ ತುಂಬಿಸಿದ್ರು."

"ಈ ವಾರ ಯಾರ ಸರದಿ ರೀ?" ಹೆಂಡತಿ ಕೇಳಿದಳು. ಮಾತು ಬಿಟ್ಟವಳು ಆಡಿದ ಮೊದಲ ಮಾತು.

"ನಮ್ಮದು," ಎಂದೆ. ಗಂಟಲು ಒಣಗಿತ್ತು, ಸುತ್ತ ಅಷ್ಟು ನೀರಿದ್ದರೂ.

ದಡಕ್ಕೆ ಬಂದಾಗ ಅತ್ತೆ ಇಳಿಯಲಿಲ್ಲ.

"ಇದು ನಮ್ಮ ಗಿಡ ಕುಡೀಬೇಕಾಗಿದ್ದ ನೀರು. ಗಿಡಕ್ಕೆ ಹೋಗೋ ತನಕ ಇದರ ಮೇಲೇ ಕೂತಿರ್ತೀನಿ."

ಹೆಂಡತಿಯೂ ಸೆರಗು ಬಿಗಿದು ತಾಯಿಯ ಪಕ್ಕ ಕೂತಳು. ನಾನು ಆಗಲೇ ಒಂದು ಕಾಲು ದಡಕ್ಕೆ ಇಟ್ಟಿದ್ದೆ. ಸಾಹುಕಾರನ ಅತಿಥಿಗಳು ಗುಂಪುಗೂಡಿದರು. ಎಂಜಿನಿಯರ್ ಓಡಿ ಬಂದರು.

"ಏನಯ್ಯಾ ಇದು? ನಿಮ್ಮತ್ತೇನ ಇಳಿಸು!"

"ಅತ್ತೇ, ಇಳೀರಿ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ?"

"ನಂದು."

"ಅದೊಂದು ಇತ್ತಾ? ಯಾರೂ ನಂಗೆ ಹೇಳ್ಲೇ ಇಲ್ಲ."

ಅತಿಥಿಗಳು ನಕ್ಕರು. ಸಾಹುಕಾರ ದೋಣಿಯವನ ಕಡೆ ತಿರುಗಿ, "ಎಳೆದು ಹಾಕೋ ಇವರನ್ನ!" ಎಂದ.

ದೋಣಿಯವನು ಹುಟ್ಟು ಕೆಳಗಿಟ್ಟು ಕೈ ಕಟ್ಟಿದ. "ನಮ್ಮಕ್ಕನ ಹೊಲಾನೂ ಕೊನೇಲೇ ಇರೋದು ಯಜಮಾನ್ರೇ."

ಎಂಜಿನಿಯರ್ ನನ್ನತ್ತ ಬೆರಳು ಮಾಡಿದರು. "ಇಳಿಸ್ತೀಯೋ, ಕೆಲಸ ಬಿಡ್ತೀಯೋ?"

ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ನನ್ನದು ಒಲೆಯ ಮುಂದೆಯೂ ಇಲ್ಲ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ನಿಂತೇ ಇದ್ದೆ. ದೋಣಿ ಮೆಲ್ಲಗೆ ಸರಿಯಿತು. ನಾನು ದೊಪ್ಪನೆ ನೀರಿಗೆ ಬಿದ್ದೆ.

"ಸತ್ತೆ! ಹಿಡ್ಕೊಳ್ಳೀ!"

"ಎದ್ದು ನಿಂತ್ಕೊಳ್ಳಿ ರೀ," ಎಂದಳು ಹೆಂಡತಿ.

ನಿಂತೆ. ಸೊಂಟದ ಮಟ್ಟ ನೀರು. ಇಸ್ತ್ರಿ ಅಂಗಿಯಿಂದ ತೊಟತೊಟ ಸುರಿಯುತ್ತಿತ್ತು. ನೀರಿಲ್ಲ ಎಂದು ಕೂಗಿದವನು ಅದೇ ನೀರಿನಲ್ಲಿ ನಡುಗುತ್ತ ನಿಂತಿದ್ದೆ. ಧೈರ್ಯ ಬಂತೋ, ಹೋಗಲು ಇನ್ನೇನು ಮಾನ ಉಳಿದಿದೆ ಎನಿಸಿತೋ ಗೊತ್ತಿಲ್ಲ.

"ಇಳಿಸಲ್ಲ ಸಾರ್," ಎಂದೆ. "ನೀವು ಸುಳ್ಳು ಹೇಳಿಸಿದ್ರಿ. ನೋಡಿ, ಸೊಂಟದ ತನಕ ನೀರಿದೆ. ನಮ್ಮ ನೀರು."

ದನಿ ಕೀರಲಾಗಿತ್ತು. ಆದರೂ ದಡದಲ್ಲಿ ಯಾರೂ ನಗಲಿಲ್ಲ. ಹೆಂಡತಿ ಕೊರಳಪಟ್ಟಿ ಹಿಡಿದು ನನ್ನನ್ನು ದೋಣಿಯೊಳಗೆ ಎಳೆದುಕೊಂಡಳು.

ಸುದ್ದಿ ತೋಟಕ್ಕೆ ಮುಟ್ಟಿತು. ಹೆಂಗಸರೆಲ್ಲ ಗುದ್ದಲಿ ಹಿಡಿದು ತರಕಾರಿ ಲಾರಿ ಹತ್ತಿ ಬಂದರು. ಯಾರೊಂದಿಗೂ ವಾದಕ್ಕೆ ನಿಲ್ಲದೆ ಕೊಳದ ಏರಿಯನ್ನು ನಾಲೆಯ ಕಡೆಗೆ ಕಡಿದರು. ನೀರು ಮೊದಲು ತಡೆದು, ಆಮೇಲೆ ದಾರಿ ಗುರುತು ಸಿಕ್ಕ ದನದ ಹಾಗೆ ನಾಲೆಗೆ ನುಗ್ಗಿತು. ನಮ್ಮ ದೋಣಿ ಇಳಿದು ಇಳಿದು ಕೆಸರಿಗೆ ಕೂತಿತು. ಆಗ ಅತ್ತೆ ಎದ್ದರು. "ಈಗ ಇಳೀತೀನಿ, ಕೈ ಕೊಡಿ ಅಳಿಯಂದ್ರೇ."

ಮರುದಿನ ಪೊಲೀಸರು ಬಂದರು. ಸರ್ಕಾರಿ ನೀರು ಕದ್ದ ಆರೋಪ. ಸಾಹುಕಾರನ ಮೇಲಲ್ಲ, ನಮ್ಮ ಮೇಲೆ.

"ಕದ್ದ ಮಾಲು ಎಲ್ಲಮ್ಮಾ?" ಎಂದರು ಠಾಣೆಯ ಸಾಹೇಬರು.

"ಬದನೆ ಬೇರಿನ ಕೆಳಗಿದೆ," ಎಂದರು ಅತ್ತೆ. "ಹಿಂಡ್ಕೊಂಡು ಹೋಗಿ."

ನನ್ನ ಕೆಲಸ ಹೋಯಿತು. ಎಂಜಿನಿಯರಿಗೆ ಬಡ್ತಿ ಸಿಕ್ಕಿತು. ಕೊಳದ ಒಡೆದ ಏರಿಯನ್ನು ನೀರಾವರಿ ಇಲಾಖೆಯೇ ಕಟ್ಟಿಸಿಕೊಟ್ಟಿತು. ಗಿಡಗಳು ಮಾತ್ರ ಚಿಗುರಿ ಹೂ ಬಿಟ್ಟವು. ನಮ್ಮ ಮುಂದಿನ ಸರದಿ ಹತ್ತಿರ ಬಂದಂತೆ ಮತ್ತೆ ಅದೇ ಅಪ್ಪಣೆ: ಕೊನೆಯವರಿಗೆ ನೀರಿಲ್ಲ.

ಬೆಳಗಾಗುತ್ತಲೇ ಹೆಂಗಸರು ಮನೆಗಳಿಗೆ ಬೀಗ ಹಾಕಿ ನಾಲೆಯ ಏರಿ ಹಿಡಿದು ಅಣೆಕಟ್ಟಿನ ಕಡೆ ನಡೆದರು. ಎಲ್ಲರಿಗಿಂತ ಮುಂದೆ ಅತ್ತೆ, ಬಗ್ಗಿದ ಸೊಂಟದಲ್ಲೇ. ನಾನೂ ಹೊರಟೆ, ಎಲ್ಲರಿಗಿಂತ ಹಿಂದೆ. ಲಾಠಿ ಬೀಸಿದರೆ ಮೊದಲು ಓಡಲು ಅನುಕೂಲವಾಗಲಿ ಎಂದು.

ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ಗದ್ದಲ ಕೇಳಿಸಿತು. ಪೊಲೀಸರೇ ಬಂದರೆಂದು ಹೆದರಿ ತಿರುಗಿದೆ. ಪಕ್ಕದ ನಾಲೆಯ ಕೊನೆಯವರು, ಅದರಾಚೆ ನಾಲೆಯವರು, ಗಂಡಸರು, ಹೆಂಗಸರು ಏರಿ ತುಂಬ ಬರುತ್ತಿದ್ದರು. ಓಡಲು ದಾರಿಯೇ ಇರಲಿಲ್ಲ.

ಹೀಗೆ ನಾನೂ ಒಬ್ಬ ಮುಂದಾಳಾದೆ.