ಪಂಜರದ ಹಿಟ್ಟು

ಕೈ ತೊಳೆದ ಮೇಲೆ ಮೂಸಿ ನೋಡುವ ಚಟ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಯಾರದಾದರೂ ಮನೆಗೆ ಊಟಕ್ಕೆ ಹೋದರೂ ಅಷ್ಟೇ. ನಲ್ಲಿ ನಿಲ್ಲಿಸಿ, ಎರಡೂ ಅಂಗೈಗಳನ್ನು ಮೂಗಿಗೆ ಹಿಡಿದು, ಮತ್ತೊಮ್ಮೆ ತೊಳೆಯುತ್ತೇನೆ. ಕಂಡವರು ಬಹಳ ಮಡಿಯ ಮನುಷ್ಯ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನನಗೇನು!

ಆಗ ನಾನು ಪಂಪ್ ಸ್ಟೌ ರಿಪೇರಿ ಮಾಡುತ್ತಿದ್ದೆ. ದಿನವಿಡೀ ಸೀಮೆಎಣ್ಣೆಯಲ್ಲಿ ಅದ್ದಿದ ಕೈ. ಆ ಕೈಯಿಂದ ಗಾಳಕ್ಕೆ ಎರೆ ಸಿಕ್ಕಿಸಿದರೆ ಮೀನು ಹತ್ತಿರವೂ ಸುಳಿಯುವುದಿಲ್ಲ. ಅದಕ್ಕೇ ಭಾನುವಾರ ಕೆರೆಗೆ ಹೊರಡುವ ಮೊದಲು ಹುಣಸೆಹಣ್ಣು ಹಾಕಿ ತಿಕ್ಕಿ, ಬೂದಿ ಹಾಕಿ ತಿಕ್ಕಿ, ಕೊನೆಗೆ ದಡದ ಕೆಸರನ್ನೇ ಬಳಿದುಕೊಂಡು ತೊಳೆದು ಮೂಸುತ್ತಿದ್ದೆ. ಕೈ ಬರೀ ಕೆರೆಯ ವಾಸನೆ ಹೊಡೆದ ಮೇಲೆಯೇ ಗಳ ಮುಟ್ಟುತ್ತಿದ್ದದ್ದು.

ನಮ್ಮೂರ ಕೆರೆಯಲ್ಲಿ ವರ್ಷಕ್ಕೊಮ್ಮೆ ಗಾಳದ ಪಂದ್ಯ ನಡೆಯುತ್ತಿತ್ತು. ಇಬ್ಬಿಬ್ಬರ ಜೋಡಿ. ಒಬ್ಬನ ಕೈಯಲ್ಲಿ ಉದ್ದನೆಯ ಗಳ, ಬೆಂಡು ಕಟ್ಟಿ ದಡದ ಹತ್ತಿರವೇ ಹಿಡಿಯುವುದು. ಇನ್ನೊಬ್ಬನದು ರೀಲಿನ ಕೋಲು. ಅದರ ದಾರಕ್ಕೆ ತಂತಿಯ ಸಣ್ಣ ಗೂಡು ಕಟ್ಟಿ, ಗೂಡಿನೊಳಗೆ ಹಿಟ್ಟು ತುಂಬಿ, ದೂರಕ್ಕೆ ಬೀಸಿ ಒಗೆಯುವುದು. ತಳದಲ್ಲಿ ಹಿಟ್ಟು ಕರಗಿ ಹರಡಿದಂತೆ ಮೀನು ಮುತ್ತುತ್ತವೆ, ಪಕ್ಕದ ಗಾಳಕ್ಕೂ ಬಾಯಿ ಹಾಕುತ್ತವೆ. ಫೀಡರ್ ಎಂಬ ಆ ಗೂಡಿಗೆ ನಮ್ಮವರು ಪಂಜರ ಅನ್ನುತ್ತಿದ್ದರು. ಸ್ಟೌವಿನ ಜಾಲರಿ ಕತ್ತರಿಸಿ ಅದನ್ನು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಿಡಿದದ್ದನ್ನು ತೂಗಿ, ಎಲ್ಲವನ್ನೂ ಮತ್ತೆ ನೀರಿಗೆ ಬಿಡಬೇಕು. ತಿನ್ನುವುದಕ್ಕೂ ಅಲ್ಲ, ಮಾರುವುದಕ್ಕೂ ಅಲ್ಲ, ಒಂದು ಹಿತ್ತಾಳೆ ಕಪ್ಪಿಗೋಸ್ಕರ! ಈಗ ನೆನೆದರೆ ಮೈ ಉರಿಯುತ್ತದೆ. ಆಗ ಅದು ಕನಸಿನಲ್ಲೂ ಬರುತ್ತಿತ್ತು.

ಮೂರು ವರ್ಷ ಸತತವಾಗಿ ನಾನು ಎರಡನೆಯವನಾಗಿದ್ದೆ. ಗೆಲ್ಲುತ್ತಿದ್ದದ್ದು ಡ್ರಾಯಿಂಗ್ ಕಲಿಸುವ ಶ್ರೀಕಂಠ ಮೇಷ್ಟ್ರು. ಬಿಳಿ ಪಂಚೆ ಉಟ್ಟು, ಕೊಡೆ ಬಿಡಿಸಿ ನೆಟ್ಟು, ಎರೆಹುಳುವನ್ನೂ ಚಿಮಟದಲ್ಲಿ ಹಿಡಿಯುವ ಮನುಷ್ಯ. ಮೂರನೆಯ ವರ್ಷ ಎಲ್ಲರೆದುರು, "ನೀನು ಒಳ್ಳೇ ಗಾಳದವನೇ ಕಣಯ್ಯ. ಏನ್ಮಾಡೋದು, ನಿನ್ನ ಕೈ ವಾಸನೆಗೆ ಮೀನೆಲ್ಲ ಆಚೆ ದಡಕ್ಕೆ, ನನ್ನ ಹತ್ರ ಬಂದ್ಬಿಡ್ತವೆ," ಅಂದಿದ್ದರು. ಕೆರೆ ಏರಿಯೆಲ್ಲ ನಕ್ಕಿತು. ಅಂದಿನಿಂದ ನನ್ನ ಹೆಸರೇ ಸೀಮೆಎಣ್ಣೆ ಆಗಿಹೋಯಿತು.

ನಾಲ್ಕನೆಯ ವರ್ಷ ತಿಮ್ಮರಾಯಣ್ಣ ನನ್ನ ಜೋಡಿಯಾಗುತ್ತೇನೆಂದು ತಾನಾಗಿಯೇ ಅಂಗಡಿಗೆ ಬಂದ. ಸರ್ಕಾರದ ಗೋದಾಮಿನಿಂದ ಅಂಗನವಾಡಿಗಳಿಗೆ ಮೂಟೆ ಸಾಗಿಸುವ ಲಗೇಜ್ ಗಾಡಿ ಅವನದು. ದೊಡ್ಡ ಹೊಟ್ಟೆ, ದೊಡ್ಡ ಬಾಯಿ, ಕೈ ಮಾತ್ರ ಧಾರಾಳ. "ಗಳ ನಿಂದು, ಪಂಜರ ನಿಂದು. ಎಸೆಯೋನು ನಾನು, ಹಿಟ್ಟೂ ನಂದೇ. ಈ ಸಲ ಮೇಷ್ಟ್ರ ಪಂಚೆ ಕೆಸರಿಗೆ ಹಾಕ್ದೇ ಇದ್ರೆ ಕೇಳು," ಅಂದ. ನಾನು ಕುಣಿದಾಡಿದೆ.

ಆ ದಿನಗಳಲ್ಲಿ ನನ್ನ ತಂಗಿ ಇಂದ್ರಾಣಿ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಏಳು ತಿಂಗಳು. ಹಿಂದಿನ ವರ್ಷ ಅದೇ ಏಳನೇ ತಿಂಗಳಲ್ಲಿ ಒಂದು ಹೋಗಿತ್ತು. ಡಾಕ್ಟರಮ್ಮ ಅವಳ ಮೊಣಕೈ ಹಿಡಿದು ನೋಡಿ, "ಮೈಯಲ್ಲಿ ಏನೂ ಇಲ್ಲ, ಮಗು ಏನು ತಿಂದು ಬೆಳೆಯುತ್ತೆ? ಈ ಸಲವಾದರೂ ಸರಿಯಾಗಿ ತಿನ್ನಿಸಿ," ಎಂದು ಅವ್ವನನ್ನು ಗದರಿದ್ದರು. ತಿನ್ನಿಸುವುದಕ್ಕೆ ನಮ್ಮಲ್ಲಿ ಇದ್ದದ್ದು ರಾಗಿ, ಸೊಪ್ಪು, ಮತ್ತೆ ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಹಿಟ್ಟು. ಹುರಿದ ಗೋಧಿ, ಹೆಸರುಕಾಳು, ಕಡಲೆಬೀಜ, ಬೆಲ್ಲ, ಚೂರು ಏಲಕ್ಕಿ. ನಮ್ಮೂರಲ್ಲಿ ಅದಕ್ಕೆ ಬಸುರಿ ಹಿಟ್ಟು ಎಂದೇ ಹೆಸರು. ಹಿಂದಿನ ಸಲ ಇಂದ್ರಾಣಿ ಅದನ್ನು ಬಿಸಿನೀರಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದಳು, ನನಗೂ ಒಂದು ಕೊಡುತ್ತಿದ್ದಳು. ಬೇಡವೇ ಅಂತ ಗದರುತ್ತಲೇ ನಾನು ತಿನ್ನುತ್ತಿದ್ದೆ.

ಈ ಸಲ ಎರಡು ತಿಂಗಳಿಂದ ಹಿಟ್ಟೇ ಇರಲಿಲ್ಲ. ನಾನೇ ಎರಡು ಸಲ ಅವಳ ಜೊತೆ ಹೋಗಿ ಖಾಲಿ ಚೀಲ ಮಡಚಿಕೊಂಡು ಬಂದಿದ್ದೆ. ಅಂಗನವಾಡಿ ಟೀಚರಮ್ಮ, "ಬಂದಿಲ್ಲ ಕಣ್ರೀ, ನಾನೇನು ಬಚ್ಚಿಟ್ಕೊಂಡಿದ್ದೀನಾ?" ಎಂದು ಅಳುವಂತೆ ಹೇಳಿದ್ದಳು. ಇಂದ್ರಾಣಿ ದಾರಿಯಲ್ಲಿ, "ಮುಂದಿನ ವಾರ ಬರಬಹುದು ಅಲ್ವಾ ಅಣ್ಣ?" ಎಂದಳು. ನಾನು ಬೆಂಡಿಗೆ ಯಾವ ಬಣ್ಣ ಹೊಡೆಯಲಿ ಎಂದು ಯೋಚಿಸುತ್ತಿದ್ದೆ.

ಪಂದ್ಯದ ದಿನ ಬೆಳಗ್ಗೆ ಎಲ್ಲ ಜೋಡಿಗಳೂ ತಂತಮ್ಮ ಹಿಟ್ಟಿನ ಬಕೆಟ್ ಹಿಡಿದು ಸಾಲಾಗಿ ನಿಂತೆವು. ಎಂದೋ ಯಾರೋ ಹಿಟ್ಟಿಗೆ ಮದ್ದು ಬೆರೆಸಿ ಮೀನು ಸತ್ತು ತೇಲಿದ್ದವಂತೆ. ಆಮೇಲಿನಿಂದ ಒಂದು ಪದ್ಧತಿ: ಸೀಟಿ ಊದುವ ಮೊದಲು ಪ್ರತಿಯೊಬ್ಬನೂ ತನ್ನ ಹಿಟ್ಟನ್ನು ಒಂದು ಚಿಟಿಕೆ ಎಲ್ಲರೆದುರು ತಿನ್ನಬೇಕು. ಗೆದ್ದವರು ಕೊನೆಯಲ್ಲಿ ಉಳಿದದ್ದನ್ನು ಮತ್ತೊಮ್ಮೆ ತಿನ್ನಬೇಕು. ತಿಮ್ಮರಾಯಣ್ಣ ಹಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಳಿಮಜ್ಜಿಗೆಯಲ್ಲಿ ಮೂರು ದಿನ ಕೊಳೆಸಿದ್ದ. ಬಾಯಿಗಿಟ್ಟ ಕೂಡಲೇ ವಾಂತಿ ಬರುವ ಹಾಗಾಯಿತು. ಆ ಹುಳಿಯ ಅಡಿಯಲ್ಲಿ ಎಲ್ಲೋ ತಿಂದ ಒಂದು ಸಿಹಿ ಇತ್ತು. ಇರಲಿ ಎಂದು ನುಂಗಿದೆ.

ಏನು ಮೀನು ಬಂದವು ಅಂತೀರಿ! ತಿಮ್ಮರಾಯಣ್ಣ ಒಗೆದಲ್ಲೆಲ್ಲ ನೀರು ಗುಳುಗುಳು ಎನ್ನುತ್ತಿತ್ತು. ಅವನು ಕಾಟ್ಲಾ ಎಳೆದರೆ ನಾನು ಗೆಂಡೆ ಎತ್ತುತ್ತಿದ್ದೆ. ಆಚೆ ದಡದಲ್ಲಿ ಮೇಷ್ಟ್ರ ಕೊಡೆ ಅಲುಗಾಡದೆ ನಿಂತಿತ್ತು, ಆದರೆ ಹಿಡಿದ ಮೀನು ಇಟ್ಟುಕೊಳ್ಳುವ ಅವರ ಬಲೆಯೂ ತುಂಬುತ್ತಿದೆ ಎಂದು ಸುದ್ದಿ ಬರುತ್ತಿತ್ತು. ಕೊನೆಯ ಒಂದು ಗಂಟೆ ಇರುವಾಗ ನಮ್ಮ ಬಕೆಟ್ಟಿನ ತಳ ಕಂಡಿತು.

"ಗಾಡೀಲಿ ಇನ್ನೊಂದು ಚೀಲ ಐತೆ, ಓಡು. ಕಲಸೋಕೆ ಟೈಮಿಲ್ಲ, ಹಂಗೇ ಒಣದು ತಗೊಂಡ್ಬಾ," ಎಂದ ತಿಮ್ಮರಾಯಣ್ಣ.

ಗಾಡಿಯ ಟಾರ್ಪಾಲು ಸರಿಸಿದೆ. ಚೀಲದ ಬಾಯಿ ಬಿಚ್ಚಿದರೆ ಒಳಗೆ ಪೊಟ್ಟಣಗಳು. ಪ್ರತಿ ಪೊಟ್ಟಣದ ಮೇಲೂ ತೊಡೆಯ ಮೇಲೆ ಮಗು ಮಲಗಿಸಿಕೊಂಡ ಹೆಂಗಸಿನ ಚಿತ್ರ. ಒಂದನ್ನು ಹರಿದೆ. ಏಲಕ್ಕಿಯ ವಾಸನೆ ಮುಖಕ್ಕೆ ಬಡಿಯಿತು. ಬೆಳಗ್ಗೆ ತಿಂದ ಸಿಹಿ ಯಾವುದೆಂದು ಆಗ ಗೊತ್ತಾಯಿತು.

ಇಲ್ಲಿಗೆ ಬಂದಾಗ ನಾನು ಯಾವಾಗಲೂ ತಡವರಿಸುತ್ತೇನೆ. ಸಿಟ್ಟು ಬಂತು, ಚೀಲ ಒದ್ದು ಮನೆಗೆ ಹೊರಟೆ ಎಂದು ಹೇಳಬೇಕೆಂದು ಬಹಳ ಆಸೆ. ಆದದ್ದು ಅದಲ್ಲ. ಗಾಡಿಯ ಹಿಂದೆ ಎಷ್ಟು ಹೊತ್ತು ನಿಂತಿದ್ದೆನೋ, ಏರಿಯ ಮೇಲಿಂದ ಯಾರೋ ಕೂಗಿದರು: "ಸೀಮೆಎಣ್ಣೆ, ಎಲ್ಲೋದ್ಯೋ? ಮೇಷ್ಟ್ರಿಗೆ ದೊಡ್ಡದು ಬಿತ್ತು!" ನಾನು ಆರು ಪೊಟ್ಟಣ ಹರಿದು ಗಾಡಿಯಲ್ಲಿದ್ದ ಖಾಲಿ ಬಕೆಟ್ಟಿಗೆ ಸುರಿದುಕೊಂಡು ಓಡಿದೆ. ಥೂ! ಓಡಿದೆ. ಒಂದೊಂದೇ ಹಿಡಿ ಒಣಹಿಟ್ಟಿಗೆ ಕೆರೆಯ ನೀರು ಚಿಮುಕಿಸಿ, ನನ್ನ ಕೈಯಿಂದಲೇ, ನಾನೇ ಮಾಡಿದ ಪಂಜರಕ್ಕೆ ಹೆಬ್ಬೆಟ್ಟಿನಲ್ಲಿ ಒತ್ತಿ ಒತ್ತಿ ತುಂಬಿದೆ. ಒಂದು ಗಂಟೆಯಲ್ಲಿ ಎಷ್ಟು ಸಲ ತುಂಬಿದೆನೋ ಲೆಕ್ಕವಿಲ್ಲ. ಅದರಲ್ಲೇ ಒಂದು ಕಾಟ್ಲಾ ಸಿಕ್ಕಿತು, ಆ ದಿನದ ಅತಿ ದೊಡ್ಡ ಮೀನು. ಒದ್ದೆ ಬಟ್ಟೆಯ ಜೋಲಿಯಲ್ಲಿ ಮಲಗಿಸಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರು. ಎರಡೂಮುಕ್ಕಾಲು ಕೆ.ಜಿ. ಜನ ಹೋ ಎಂದು ಕೂಗಿದರು, ನಾನೂ ಕೂಗಿದೆ. ನಾವು ಗೆದ್ದಿದ್ದೆವು. ಮೇಷ್ಟ್ರು ಬಂದು ನನ್ನ ಕೈ ಕುಲುಕಿ, ತಮ್ಮ ಅಂಗೈ ಮೂಸಿಕೊಂಡು, "ಇವತ್ತು ಏಲಕ್ಕಿ ಕಣಯ್ಯ!" ಅಂದರು.

ಆ ಹೊತ್ತಿಗೇ ಇಂದ್ರಾಣಿ ಬಂದದ್ದು. ನಾವು ಮುಂದಿದ್ದೇವೆಂಬ ಸುದ್ದಿ ಕೇಳಿ, ಅಷ್ಟು ದೂರ ಬಿಸಿಲಲ್ಲಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಮಜ್ಜಿಗೆಯ ಚೊಂಬು ಹಿಡಿದು ನಡೆದು ಬಂದಿದ್ದಳು. "ಅಣ್ಣ, ಗೆದ್ಯಂತೆ!" ಎಂದು ಮುಖ ಅರಳಿಸಿದಳು. ತಿಮ್ಮರಾಯಣ್ಣ ಪದ್ಧತಿಯ ಚಿಟಿಕೆಗೆಂದು ಬಕೆಟ್ ಮುಂದೆ ತಂದಿಟ್ಟಿದ್ದ. ತಳದಲ್ಲಿ ಎರಡು ಬೊಗಸೆ ಒಣಹಿಟ್ಟು ಉಳಿದಿತ್ತು. ಅವಳು ಬಗ್ಗಿ ನೋಡಿದಳು. ಕೈ ಹಾಕಿ ಒಂದು ಚಿಟಿಕೆ ಬಾಯಿಗಿಟ್ಟುಕೊಂಡಳು.

"ಬಂತಾ ಅಣ್ಣ?" ಎಂದಳು. "ಹಿಟ್ಟು ಬಂತಾ? ನಂಗೇಳ್ಲೇ ಇಲ್ಲ!"

ಅವಳು ಆಗಲೇ ಸೆರಗಿನ ತುದಿ ಹಾಸಿ, ಬಕೆಟ್ಟಿನ ತಳದ ಹಿಟ್ಟನ್ನು ಬೆರಳಲ್ಲಿ ಒಟ್ಟುಮಾಡಿ ತುಂಬಿಕೊಳ್ಳುತ್ತಿದ್ದಳು. "ಇದನ್ಯಾಕೆ ಇಲ್ಲಿಗೆ ತಂದೆ, ಮನೇಲಿ ಇಡೋದಲ್ವಾ," ಎನ್ನುತ್ತಿದ್ದಳು.

ತಿಮ್ಮರಾಯಣ್ಣ ನಕ್ಕ. "ಅಯ್ಯೋ ಬಿಡಮ್ಮ, ಮೀನಿಗೆ ಹಾಕಿ ಮಿಕ್ಕಿದ್ದು ಅದು. ನಿಂಗೆ ಬೇಕಂದ್ರೆ ಒಂದು ಚೀಲ ಮನೆಗೇ ಕಳಿಸ್ತೀನಿ. ನಿಮ್ಮಣ್ಣ ಮುಂಚೇನೇ ಹೇಳಿದ್ರೆ ಆಗ್ತಿತ್ತು."

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ಕೆರೆ ನೋಡಿದಳು, ಪಂಜರ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು.

"ನಿಂಗೆ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ," ಎಂದೆ.

ಅವಳು ಬಾಯಲ್ಲಿದ್ದದ್ದನ್ನು ಉಗಿಯುತ್ತಾಳೆ ಎಂದುಕೊಂಡೆ. ಉಗಿಯಲಿಲ್ಲ, ನುಂಗಿದಳು. ಸೆರಗಿನಲ್ಲಿದ್ದದ್ದನ್ನು ಗಂಟು ಹಾಕಿಕೊಂಡು, ಮಜ್ಜಿಗೆಯ ಚೊಂಬನ್ನು ನನ್ನ ಪಕ್ಕ ಇಟ್ಟು, ಬಂದ ದಾರಿಯಲ್ಲೇ ನಡೆದಳು. ಕಪ್ಪು ತೆಗೆದುಕೊಳ್ಳುವ ಮುಂಚೆ ನಾನು ಆ ಚಿಟಿಕೆ ತಿನ್ನಬೇಕಿತ್ತು. ತಿಂದೆ. ಜನ ಚಪ್ಪಾಳೆ ತಟ್ಟಿದರು.

ಮರುದಿನ ತಿಮ್ಮರಾಯಣ್ಣನ ಮನೆ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಕಳ್ಳ ಅಂದೆ, ಬಸುರಿಯರ ಅನ್ನ ತಿಂದವನು ಅಂದೆ. ಅವನು ಹಲ್ಲುಜ್ಜುತ್ತಾ ಪೂರ್ತಿ ಕೇಳಿಸಿಕೊಂಡು, ಉಗಿದು ಬಾಯಿ ತೊಳೆದು, "ಆ ಹಿಟ್ಟು ಯಾರ ಪಂಜರದಲ್ಲಿ ನೀರಿಗೆ ಹೋಯ್ತಪ್ಪಾ?" ಎಂದ. ಅಷ್ಟೇ ಸಾಕಾಯಿತು ನನಗೆ. ಯಾರಿಗೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಕಪ್ಪಿನ ಮಾತೂ ಬರುತ್ತಿತ್ತು. ಅವನಿಗಿಂತ ನನ್ನ ಮೇಲೆಯೇ ನನಗೆ ಹೇಸಿಗೆಯಾಗುವುದು ಇದಕ್ಕೇ.

ಎಂಟು ತುಂಬುವ ಮೊದಲೇ ಒಂದು ಬೆಳಗ್ಗೆ ಇಂದ್ರಾಣಿಗೆ ನೋವು ಬಂತು. ಹೆಣ್ಣು ಮಗು. ಆಸ್ಪತ್ರೆಯ ನರ್ಸಮ್ಮ ಅದನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರು. ಅಂಥದ್ದೇ ತಕ್ಕಡಿ, ಅಂಥದ್ದೇ ಕೊಕ್ಕೆ. ಮುಳ್ಳು ಸ್ವಲ್ಪ ಸರಿದು ನಿಂತಿತು. "ಒಂದೂಮುಕ್ಕಾಲು. ಬಹಳ ಕಡಿಮೆ ಆಯ್ತು. ನೋಡೋಣ, ಗಟ್ಟಿ ಇದ್ದಂತಿದೆ," ಎಂದರು. ಎರಡು ತಿಂಗಳ ಹಿಟ್ಟು ತಿಂದಿದ್ದರೆ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ ನನಗೆ ಗೊತ್ತಿಲ್ಲ. ನನ್ನ ಮೀನು ಎಷ್ಟು ತೂಗಿತ್ತು ಎಂಬುದು ಗೊತ್ತಿತ್ತು.

ಮಗು ಉಳಿಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಉಳಿಯುತ್ತದೆಂದು ಆ ಬೆಳಗ್ಗೆ ಯಾರಿಗೂ ತಿಳಿದಿರಲಿಲ್ಲ. ಹಾಸಿಗೆಯಲ್ಲಿದ್ದ ಇಂದ್ರಾಣಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕೆರೆಯ ದಿನದಿಂದ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ.

"ಎತ್ಕೋ ಅಣ್ಣ," ಎಂದಳು.

ನರ್ಸಮ್ಮ ಮಗುವನ್ನು ನನ್ನ ಕಡೆ ಚಾಚಿದರು. ಕೈ ಮುಂದೆ ಮಾಡಿದವನು ಹಿಂದಕ್ಕೆ ಎಳೆದುಕೊಂಡು ಮೂಸಿ ನೋಡಿದೆ. "ಒಂದು ನಿಮಿಷ, ತೊಳೆದುಕೊಂಡು ಬರ್ತೀನಿ," ಎಂದು ಹೊರಗಿನ ನಲ್ಲಿಗೆ ಹೋದೆ. ತೊಳೆದೆ, ಮೂಸಿದೆ. ಏಲಕ್ಕಿ. ಮತ್ತೆ ನಲ್ಲಿ ತಿರುಗಿಸಿದೆ. ಒಳಗೆ ಮಗು ಸಣ್ಣ ದನಿಯಲ್ಲಿ ಅಳುತ್ತಿತ್ತು.