ಅರ್ಧ ಬಂಡಿ ಸೌದೆ

ಆ ವಾರ ನನ್ನ ಊಟ ಆಸಾಹೆಲ್‌ನ ಮನೆಯಲ್ಲಿ. ಮ್ಯಾಸಚೂಸೆಟ್ಸಿನ ನಮ್ಮ ಗುಡ್ಡದ ಊರಿನಲ್ಲಿ ಮೇಷ್ಟರಿಗೆ ಸ್ವಂತ ಮನೆಯಿಲ್ಲ. ವಾರಕ್ಕೊಂದು ಮನೆ, ವಾರಕ್ಕೊಂದು ಹಾಸಿಗೆ. ಶಾಲೆಯ ಒಲೆಗೂ ಊರೇ ದಿಕ್ಕು. ಮನೆಗೊಂದು ಬಂಡಿ ಸೌದೆ. ಕೊಡದವರ ಮಕ್ಕಳು ಬೆಂಕಿಯಿಂದ ದೂರ, ಬಾಗಿಲ ಬಳಿ.

ಆಸಾಹೆಲ್‌ನ ಮಗಳು ಕೆಜಿಯಾ ಬಾಗಿಲ ಬಳಿ ಕೂತು ಒಂಬತ್ತು ದಿನವಾಗಿತ್ತು. ದೌತಿಯಲ್ಲಿ ಶಾಯಿ ಹೆಪ್ಪುಗಟ್ಟಿತ್ತು. ಅವಳ ಬೆರಳು ಮಡಚಲು ಬರುತ್ತಿರಲಿಲ್ಲ. ಹಗಲೆಲ್ಲ ಅವಳನ್ನು ಅಲ್ಲಿ ಕೂರಿಸುವವನು ನಾನೇ, ಸಂಜೆ ಅವಳಪ್ಪನ ಮೆಕ್ಕೆಜೋಳದ ಅಂಬಲಿ ಉಣ್ಣುವವನೂ ನಾನೇ.

"ಇನ್ನೊಂದು ಸೌಟು ಹಾಕಿಸ್ಕೊಳ್ಳಿ ಮೇಷ್ಟ್ರೇ," ಎಂದ ಆಸಾಹೆಲ್.

"ಸೌದೆ ಯಾವಾಗ ಕಳಿಸ್ತೀರಿ?"

"ಕಳಿಸಲ್ಲ. ಇಂಗ್ಲೆಂಡಿನ ರಾಜನಿಗೆ ತೆರಿಗೆ ಕೊಡಲ್ಲ ಅಂತ ಐದು ವರ್ಷ ಬಂದೂಕು ಹೊತ್ತೆ. ಗೆದ್ದು ಮೂರು ವರ್ಷ ಆಗಿಲ್ಲ, ಈಗ ನಮ್ಮೋರೇ ಬಂದು ಅವನಿಗಿಂತ ಜಾಸ್ತಿ ಕೇಳ್ತಾರೆ!"

"ಅದು ಸರ್ಕಾರದ್ದು, ಇದು ಶಾಲೇದು. ಊರಸಭೇಲಿ ಈ ನಿಯಮ ತಂದೋರು ನೀವೇ ಅಲ್ವಾ?"

ಅವನ ಹೆಂಡತಿ ಥ್ಯಾಂಕ್‌ಫುಲ್ ಒಲೆಯ ಬಳಿಯಿಂದಲೇ ಹೇಳಿದಳು: "ಎತ್ತು ಎಲ್ಲಿ ಅಂತ ಕೇಳಿ ಮೇಷ್ಟ್ರೇ. ಈ ಬಾಯಿಗೆ ಬೀಗ ಬೀಳುತ್ತೆ."

"ಸುಮ್ನಿರೇ!"

ಎದ್ದು ಕೊಟ್ಟಿಗೆಗೆ ಹೋದೆ. ನೊಗ ಗೋಡೆಗೆ ಒರಗಿತ್ತು, ಎತ್ತುಗಳ ಜಾಗ ಖಾಲಿ. ಹಿಂಬದಿಯಲ್ಲಿ ಸೀಳಿಟ್ಟ ಸೌದೆ, ಬಂಡಿ ತುಂಬುವಷ್ಟು, ಹಿಮದಡಿ ಮಲಗಿತ್ತು. ಯುದ್ಧದ ಸಾಲ ತೀರಿಸಲು ಹಾಕಿದ ತೆರಿಗೆಗೆ ಎರಡೂ ಎತ್ತು ಹರಾಜಾಗಿದ್ದವು.

ಆಸಾಹೆಲ್ ನನ್ನ ಹಿಂದೆಯೇ ಬಂದಿದ್ದ.

"ಯಾರನ್ನಾದ್ರೂ ಎತ್ತು ಕೇಳಬಾರದಾ?"

"ಹರಾಜಲ್ಲಿ ಹಿಡಿದೋರು ಓಬಡಾಯಾ ಯಜಮಾನ್ರು, ನಿಮ್ಮ ಶಾಲೆ ನೋಡ್ಕೊಳ್ಳೋರು. ನನ್ನ ಎತ್ತನ್ನ ನಾನೇ ಹೋಗಿ ಬೇಡ್ಲಾ?"

"ಹಾಗಾದ್ರೆ ನಾಳೆಯಿಂದ ನಾನೂ ಬಾಗಿಲ ಹತ್ರಾನೇ ಕೂರ್ತೀನಿ."



ಮರುದಿನ ಕೆಜಿಯಾಳ ಪಕ್ಕದಲ್ಲಿ ಕೂತು ಮಗ್ಗಿ ಹೇಳಿಸುತ್ತಿದ್ದೆ. ಕಾಲು ಮರಗಟ್ಟಿ ಎದ್ದೆ, ಕೂತೆ, ಮತ್ತೆ ಎದ್ದೆ. ಆಗ ಹೊರಗೆ ಹಿಮ ಉಜ್ಜುವ ಸದ್ದು. ಆಸಾಹೆಲ್ ಎದೆಗೆ ಹಗ್ಗ ಕಟ್ಟಿಕೊಂಡು, ಸೌದೆ ಹೇರಿದ ಜಾರುಬಂಡಿ ಎಳೆದು ತಂದಿದ್ದ.

ಓಬಡಾಯಾ ಯಜಮಾನರು ಅಳತೆಕೋಲು ತಂದರು. ಎರಡು ಸಲ ಅಳೆದರು.

"ಅರ್ಧ ಬಂಡಿ ಅಷ್ಟೇ ಇದೆಯಲ್ಲಯ್ಯಾ."

"ಎಳೆಯೋಕೆ ಎತ್ತು ನಾನೊಬ್ನೇ ಇದ್ದಿದ್ದು ಯಜಮಾನ್ರೇ. ಉಳಿದೆರಡು ನಿಮ್ಮನೇಲಿ ಮೇಯ್ತಾ ಇವೆ."

ಮಕ್ಕಳು ಕಿಸಕ್ಕೆಂದರು. ಯಜಮಾನರ ಕಿವಿ ಕೆಂಪಾಯಿತು.

"ನಿಯಮ ನಿಂದೇ ಕಣಯ್ಯಾ. ಅರ್ಧಕ್ಕೆ ಅರ್ಧ."

ಕೆಜಿಯಾಳ ಬೆಂಚನ್ನು ಕೋಣೆಯ ನಡುವಿಗೆ ಎಳೆದೆ. ಅವಳು ದೌತಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಯತ್ತ ಚಾಚಿದಳು.

ಕಿಟಕಿಯಾಚೆ ಆಸಾಹೆಲ್ ನಿಂತಿದ್ದ, ಭುಜದಿಂದ ಹಬೆಯೇಳುತ್ತಿತ್ತು. ಬೆಂಚಿನಿಂದ ಒಲೆಯವರೆಗೆ ಉಳಿದ ದೂರವನ್ನು ಒಮ್ಮೆ ನೋಡಿದ. ಹಗ್ಗವನ್ನು ಮತ್ತೆ ಎದೆಗೆ ಬಿಗಿದುಕೊಂಡು, ಖಾಲಿ ಬಂಡಿಯನ್ನು ಗುಡ್ಡದ ಮೇಲಿನ ಕೊಟ್ಟಿಗೆಯ ಕಡೆಗೆ ತಿರುಗಿಸಿದ.