ಹುಲ್ಮಟ್ಟಿಯ ಮುಳ್ಳುಬೇಲಿ

ಓಬಯ್ಯ ಡೇರೆಯನ್ನು ಮೂರು ಸುತ್ತು ಹಾಕಿ ನೋಡಿದ. ಬಟ್ಟೆಯನ್ನು ಬೆರಳ ನಡುವೆ ಹಿಡಿದು ಉಜ್ಜಿದ, ಹಗ್ಗ ಜಗ್ಗಿದ, ಗೂಟವನ್ನು ಕಾಲಲ್ಲಿ ಒದ್ದ. ಕೊನೆಗೆ ಒಳಗೆ ತಲೆ ಹಾಕಿ, ಮಂಚ ಹಾಸಿಗೆ ಬಿಳಿ ದಿಂಬು ಕಂಡು, ತಲೆ ಹೊರಗೆಳೆದುಕೊಂಡ.

"ಇದ್ರಾಗೆ ಮಲಗಾಕೆ ಜನ ಅಷ್ಟು ದೂರದಿಂದ ಬರ್ತಾರಾ?"

"ಬರ್ತಾರಪ್ಪ. ಶನಿವಾರ ಭಾನುವಾರ ಒಂದು ಡೇರೆನೂ ಖಾಲಿ ಇರಲ್ಲ," ಅಂದಳು ರೂಪ.

"ಯಾಕೆ, ಮನೆ ಇಲ್ವಾ ಅವ್ರಿಗೆ?"

ಪಕ್ಕದಲ್ಲಿದ್ದ ಅವ್ವ ರಂಗಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರೂಪಳಿಗೂ ನಗು ಬಂತು. ಅಪ್ಪ ಒಂದೇ ಉಸಿರಿಗೆ ಎರಡು ಮಾತಾಡಿದ್ದನ್ನು ಅವಳು ಕೇಳಿ ಎರಡು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಓಬಯ್ಯ ಉಳಿದಿದ್ದ ಕುರಿಗಳನ್ನೂ ಮಾರಿದ್ದ. ತಮ್ಮೂರು ದೊಡ್ಡಉಳ್ಳಾರ್ತಿಯ ಪಕ್ಕದಲ್ಲಿ ಊರ ಕುರಿ ಮೇಯುತ್ತಿದ್ದ ಕಾವಲಿಗೆ ಸರ್ಕಾರದವರ ಗೋಡೆ ಬಂದ ಮೇಲೂ ಒಂದಷ್ಟು ವರ್ಷ ಅಲ್ಲಿ ಇಲ್ಲಿ ಬೀಳು ಹೊಲ, ರಸ್ತೆ ಬದಿ ಅಂತ ಮೇಯಿಸಿ ನೋಡಿ, ಕೊನೆಗೆ ಕೈಚೆಲ್ಲಿದ್ದ. ಅಂದಿನಿಂದ ಮನೆ ಮುಂದಿನ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುವುದೇ ಅವನ ಕೆಲಸ. ರಂಗಕ್ಕ ಕೂಲಿಗೆ ಹೋಗಿ ಬರುತ್ತಿದ್ದಳು. ಬಂದು ಮಗಳಿಗೆ ಫೋನು ಮಾಡಿ, "ನಿಮ್ಮಪ್ಪ ಇವತ್ತೂ ಕಟ್ಟೆ ಬಿಟ್ಟು ಎದ್ದಿಲ್ಲ ಕಣೆ" ಅನ್ನುತ್ತಿದ್ದಳು. ಬೇರೇನೂ ಹೇಳುತ್ತಿರಲಿಲ್ಲ. ಬೇರೇನೂ ಹೇಳಬೇಕಿರಲಿಲ್ಲ.

ರೂಪ ಹುಲ್ಮಟ್ಟಿ ಬೆಟ್ಟದ ನೆತ್ತಿಯಲ್ಲಿರುವ ಅರಣ್ಯ ಇಲಾಖೆಯ ಕ್ಯಾಂಪು ನೋಡಿಕೊಳ್ಳುತ್ತಿದ್ದಳು. ಹತ್ತು ಡೇರೆ, ಒಂದು ಅಡುಗೆಮನೆ, ನಡುವೆ ಬೆಂಕಿ ಹಾಕಲು ಕಲ್ಲು ಜೋಡಿಸಿದ ಗುಂಡಿ. ಬೇಸಿಗೆಯಲ್ಲೂ ಕಂಬಳಿ ಬೇಕಾಗುವಷ್ಟು ಎತ್ತರದ ಜಾಗ. ಜನವರಿಯಿಂದ ಮಳೆ ಬೀಳುವವರೆಗೆ ಕಾಡಿಗೆ ಬೆಂಕಿ ಕಾವಲುಗಾರರನ್ನು ತೆಗೆದುಕೊಳ್ಳುತ್ತಾರೆ. ಆ ಕೆಲಸಕ್ಕೆ ಅಪ್ಪನ ಹೆಸರನ್ನು ಅವಳು ರೇಂಜರ್ ವೀರೇಶ್ ಅವರಿಗೆ ಹೇಳಿದ್ದಳು. "ಕರೆಸಮ್ಮ, ನೋಡೋಣ. ಭಾನುವಾರ ಬೆಳಗ್ಗೆ ಬರ್ತೀನಿ" ಅಂದಿದ್ದರು ಅವರು. ಕೆಲಸ ಸಿಕ್ಕರೆ ಅಪ್ಪ ಐದು ತಿಂಗಳು ಬೆಟ್ಟದ ಮೇಲಿರುತ್ತಾನೆ. ಸಿಗದಿದ್ದರೆ ಮತ್ತೆ ಆ ಕಟ್ಟೆ. ಇನ್ನೊಂದು ವರ್ಷ ಆ ಕಟ್ಟೆಯ ಮೇಲೆ ಕೂತರೆ ಅಪ್ಪ ಉಳಿಯುವುದಿಲ್ಲ ಅಂತ ರೂಪಳಿಗೆ ಅನ್ನಿಸಿಬಿಟ್ಟಿತ್ತು. ಹೀಗೆ ಕೂತು ಕೂತೇ ಹೋದ ಕುರಿಯವರನ್ನು ಅವಳು ಊರಲ್ಲಿ ಕಂಡಿದ್ದಳು.

ಹುಲ್ಮಟ್ಟಿ ಅವರಿಗೆ ಹೊಸದಲ್ಲ. ರೂಪಳಿಗೆ ಹತ್ತು ವರ್ಷ ಆಗುವವರೆಗೂ ಪ್ರತಿ ವರ್ಷ ಶೇಂಗಾ ಕಿತ್ತ ಮೇಲೆ ಇಡೀ ಸಂಸಾರ ಇನ್ನೂರು ಕುರಿ ಹೊಡೆದುಕೊಂಡು ನಾಲ್ಕು ದಿನ ನಡೆದು ಈ ಬೆಟ್ಟ ಹತ್ತುತ್ತಿತ್ತು. ಕತ್ತೆಯ ಮೇಲೆ ಮಡಕೆ, ರಾಗಿ ಹಿಟ್ಟು, ಮೊನ್ನೆ ಮೊನ್ನೆ ಹುಟ್ಟಿದ ಕುರಿಮರಿಗಳು. ಮರಿಗಳ ಜೊತೆ ರೂಪ. ಬೆಳಗ್ಗೆ ಎದ್ದರೆ ಮಂಜಿನಲ್ಲಿ ಕುರಿ ಯಾವುದು ಕಲ್ಲು ಯಾವುದು ಗೊತ್ತಾಗುತ್ತಿರಲಿಲ್ಲ. ಅವ್ವ ಕುರಿ ಹಾಲಿಗೆ ಬಿಸಿ ಮುದ್ದೆ ಕಿವುಚಿ ಕೊಡುತ್ತಿದ್ದಳು. ಆ ಹಾಲಿನ ಮೇಲೆ ತೇಲುತ್ತಿದ್ದ ಒಂದೆರಡು ಉಣ್ಣೆ ಕೂದಲನ್ನು ಬೆರಳಲ್ಲಿ ತೆಗೆದು ಕುಡಿಯುತ್ತಿದ್ದದ್ದು ಅವಳಿಗೆ ಇವತ್ತಿಗೂ ನಾಲಿಗೆಯ ಮೇಲಿತ್ತು. ಆಮೇಲೆ ಅವಳನ್ನು ಚಳ್ಳಕೆರೆಯ ಹಾಸ್ಟೆಲಿಗೆ ಸೇರಿಸಿದರು. ಮೊದಲ ರಾತ್ರಿ ಮೇಲೆ ಸೂರು ಕಂಡು ಅತ್ತಿದ್ದಳು. ವಾರ್ಡನ್ನು ಹೊಟ್ಟೆನೋವಿನ ಗುಳಿಗೆ ಕೊಟ್ಟಿದ್ದಳು.

ಅಪರೂಪಕ್ಕೆ ಆ ಶನಿವಾರ ಅತಿಥಿಗಳು ಹೆಚ್ಚಿರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಸಂಜೆ ಆರಕ್ಕೇ ಮಂಕಿ ಟೋಪಿ ಹಾಕಿಕೊಂಡು ಬೆಂಕಿ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಮಧ್ಯಾಹ್ನದಿಂದ ಎಲ್ಲೋ ಮಾಯವಾಗಿದ್ದ ಓಬಯ್ಯ ಆಗಷ್ಟೇ ಬಂದು ಬೆಂಕಿಯ ಇನ್ನೊಂದು ಬದಿಗೆ ಕುಕ್ಕರುಗಾಲಲ್ಲಿ ಕೂತ. ಹಳೆಯ ನೀರಿನ ಜಾಗ ನೋಡಲು ಹೋಗಿದ್ದನೇನೋ ಅಂದುಕೊಂಡು ರೂಪ ಕೇಳಲಿಲ್ಲ.

"ಯಾವೂರಪ್ಪ ನಿಂದು?" ಅಂದರು ಜಂಬುಲಿಂಗಪ್ಪ.

"ದೊಡ್ಡಉಳ್ಳಾರ್ತಿ, ಸ್ವಾಮಿ."

"ಅರೆ, ನಮ್ಮ ಕಡೆಯೋನೇ! ನೀನೂ ಕ್ಯಾಂಪಿಂಗಿಗೆ ಬಂದೀಯಾ?"

"ಇದೇನು ಹೊಸದಲ್ಲ ಬಿಡ್ರಿ. ಹದಿನೆಂಟು ವರ್ಸ ಬಂದೀನಿ. ಇನ್ನೂರು ಕುರಿ ಕಟ್ಕೊಂಡು."

ಜಂಬುಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕರು. "ಡೇರೆ ಎಲ್ಲಿ ಹಾಕ್ತಿದ್ದೆ?"

"ಡೇರೆ ಯಾಕೆ ಸ್ವಾಮಿ? ಡೇರೆಯೊಳಗೆ ಮಲಗಿದ್ರೆ ಕುರಿ ಕೆಮ್ಮೋದು ಕೇಳ್ತತಾ? ಕಂಬಳಿ ಹೊದ್ಕೊಂಡು ಒಂದು ಕಿವಿ ಹೊರಗೆ ಬಿಡ್ಬೇಕು. ಕುರಿ ಸುಮ್ಮನೆ ಕೆಮ್ಮಿದ್ರೆ ಒಂದು ನಮೂನೆ, ಏನೋ ಕಂಡು ಕೆಮ್ಮಿದ್ರೆ ಒಂದು ನಮೂನೆ."

"ಸುಮ್ನಿರಪ್ಪ, ಕುರಿ ಕೆಮ್ಮಿನಾಗೂ ನಮೂನೆ ಐತಾ?"

"ನಿಮ್ಮ ಮಿಲ್ಲಿನ ಸದ್ದು ಕೆಟ್ರೆ ನಿಮ್ಗೆ ಮನೇಲಿ ಮಲಗಿದ್ರೂ ಎಚ್ಚರ ಆಗಲ್ವಾ? ಅಂಗೇ."

"ಅದೇನೋ ನಿಜ ಕಣಪ್ಪ," ಅಂದರು ಜಂಬುಲಿಂಗಪ್ಪ. ಕುರ್ಚಿಯನ್ನು ಒಂದು ಮಾರು ಹತ್ತಿರ ಎಳೆದುಕೊಂಡರು.

ರೂಪ ತಟ್ಟೆಗಳನ್ನು ಹಿಡಿದುಕೊಂಡು ಅಲ್ಲೇ ನಿಂತಳು. ಅಪ್ಪ ಹೇಳುತ್ತಾ ಹೋದ. ಆಲಿಕಲ್ಲು ಬಿದ್ದ ವರ್ಷ ಕುರಿಗಳೆಲ್ಲ ಒಂದರ ಹೊಟ್ಟೆ ಕೆಳಗೊಂದು ತಲೆ ಹಾಕಿ ನಿಂತದ್ದು. ಮಂಜಿನಲ್ಲಿ ದಾರಿ ತಪ್ಪಿದ ಷಡ್ಡಕ ಜುಂಜಪ್ಪ ಮೊಳಕಾಲ್ಮೂರಿನ ತೆಲುಗಿನಲ್ಲಿ ಬೆಟ್ಟವನ್ನೇ ಬೈದುಕೊಂಡು ರಾತ್ರಿಯಿಡೀ ಅದೇ ಬಂಡೆ ಸುತ್ತಿದ್ದು. ಅವಳಿಗೆ ಗೊತ್ತಿದ್ದ ಕತೆಗಳೇ. ಆದರೂ ಅಡುಗೆಯವನು ಎರಡು ಸಲ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಕೆಲಸ ಸಿಕ್ಕಿತು ಅಂತಲೇ ಅವಳು ಅಂದುಕೊಂಡಳು. ಈ ಮನುಷ್ಯನನ್ನು ನೋಡಿ ಯಾರು ಬೇಡ ಅಂತಾರೆ?

ಅತಿಥಿಗಳ ಊಟ ಮುಗಿಸಿ, ಟಾರ್ಚು ಹಿಡಿದು ತನ್ನ ಡೇರೆಯ ಕಡೆ ಹೋದವಳು ಗಕ್ಕನೆ ನಿಂತಳು. ಅವಳ ಡೇರೆ ಕ್ಯಾಂಪಿನ ತುದಿಯಲ್ಲಿ, ಕಾಡಿಗೆ ತಾಗಿಕೊಂಡೇ ಇತ್ತು. ಅದರ ಸುತ್ತ ಎದೆಯುದ್ದದ ಮುಳ್ಳುಬೇಲಿ ಎದ್ದಿತ್ತು. ಕವಳಿ ಗಿಡಗಳನ್ನು ಬುಡಕ್ಕೇ ಕಡಿದು, ಬುಡ ಒಳಗೆ ತುದಿ ಹೊರಗೆ ಮಾಡಿ, ಒಂದರ ಮೇಲೊಂದು ಹೆಣೆದ ಬೇಲಿ. ಒಬ್ಬರು ಓರೆಯಾಗಿ ನುಸುಳುವಷ್ಟು ಬಾಗಿಲು. ಬಾಗಿಲ ಪಕ್ಕದಲ್ಲಿ ಅಪ್ಪ ಅವ್ವ ಕಂಬಳಿ ಹಾಸಿಕೊಂಡು ಕೂತಿದ್ದರು.

"ಅಪ್ಪಾ, ಏನಿದು?"

"ಬೇಲಿ."

"ಅದು ಕಾಣ್ತೈತೆ. ಇಲ್ಲಿ ಒಂದು ಕಡ್ಡಿ ಮುರಿಯಂಗಿಲ್ಲ, ನಿಂಗೊತ್ತಿಲ್ವಾ? ಬೆಳಗ್ಗೆ ಸಾಹೇಬ್ರು ನಿನ್ನ ನೋಡಾಕೆ ಬರ್ತಾರೆ. ಕಾಡು ಕಾಯೋ ಕೆಲಸ ಕೇಳಾಕೆ ಬಂದೋನು ಬಂದ ದಿನನೇ ಕಾಡು ಕಡಿದ ಅಂದ್ರೆ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ?"

ಓಬಯ್ಯ ಕೈಯಲ್ಲಿದ್ದ ಕುಡುಗೋಲನ್ನು ಕಂಬಳಿ ಕೆಳಗೆ ಸರಿಸಿದ.

"ಕುರಿನೇ ಇಲ್ಲ. ಯಾರಿಗೆ ರೊಪ್ಪ ಹಾಕೀಯಾ?"

"ಕುರಿಗೆ ಯಾವತ್ತು ಮುಳ್ಳು ಹಾಕಿದ್ನೇ ಇವ್ನು?" ಅಂದಳು ರಂಗಕ್ಕ. "ಕುರಿಗೆ ಬಲೆ ಇತ್ತು, ಗೂಟ ಹೊಡೆದು ಸುತ್ತ ಕಟ್ತಿದ್ವಿ. ಮುಳ್ಳು ಹಾಕ್ತಿದ್ದಿದ್ದು ನಿಂಗೆ. ನಿದ್ದೆಗಣ್ಣಾಗೆ ಎದ್ದು ನಡೀತಿದ್ದೆ ನೀನು. ಒಂದಿನ ಆ ಬಂಡೆ ಅಂಚಿನ ತಂಕ ಹೋಗಿದ್ದೆ. ಅವತ್ತಿಂದ ಎಲ್ಲಿ ಬೀಡು ಬಿಟ್ರೂ ಮೊದ್ಲು ನಿಂಗೆ ಬೇಲಿ, ಆಮೇಲೆ ಒಲೆ. ಇಲ್ಲಿ ನೋಡಿದ್ರೆ ನೀನು ಒಬ್ಳೇ, ಕಾಡಿನ ಬಾಯಾಗೆ, ಬಟ್ಟೆ ಗೂಡಿನಾಗೆ ಮಲಗ್ತೀಯಾ. ಅವ್ನ ಕೈ ಸುಮ್ಮನಿರ್ತತಾ?"

ರೂಪಳಿಗೆ ಮುಳ್ಳಿನ ಸುತ್ತು ನೆನಪಿತ್ತು. ಅದರೊಳಗೆ ಕಂಬಳಿ, ಕಂಬಳಿಯ ತೂತಿನಿಂದ ಕಾಣುವ ಚುಕ್ಕಿ. ಅದು ಕುರಿಗಳ ರೊಪ್ಪ, ಕುರಿ ಕಾಯಲು ತಾವೂ ಅದರೊಳಗೆ ಮಲಗುತ್ತಿದ್ದೆವು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದಳು.

"ಬೆಳಗ್ಗೆ ಬೆಳಕು ಹರಿಯೋ ಮುಂಚೆ ಕಿತ್ತು ಹಾಕೋಣ," ಅಂದಳು. ಓರೆಯಾಗಿ ನುಸುಳಿ ಒಳಗೆ ಹೋದಳು.

ಕ್ಯಾಂಪಿಗೆ ಬಂದ ಮೂರು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಒಂದೇ ನಿದ್ದೆ ಮಾಡಿರಲಿಲ್ಲ. ಎಲೆ ಉದುರಿದರೆ ಎಚ್ಚರ, ಅಡುಗೆಮನೆಯ ತಗಡು ಅಲುಗಿದರೆ ಎಚ್ಚರ. ಬೆಳಗ್ಗೆ ಐದಕ್ಕೆ ಯಾವ ಅಲಾರಮ್ಮೂ ಬೇಕಿರಲಿಲ್ಲ. ಆ ರಾತ್ರಿ ಮಲಗಿದವಳು ಎದ್ದದ್ದು ಜೀಪಿನ ಹಾರ್ನಿಗೆ. ಹೊರಗೆ ಎಳೆಬಿಸಿಲು ಬಿದ್ದಿತ್ತು. ಅಪ್ಪ ಅವ್ವ ಅವಳನ್ನು ಎಬ್ಬಿಸಿರಲಿಲ್ಲ. "ನೀನು ಬಾಯಿ ತೆಗೆದು ಮಲಗಿದ್ದೆ, ಮುಳ್ಳು ಎಳೆದ್ರೆ ಸದ್ದಾಗ್ತತೆ ಅಂತ ಬಿಟ್ವಿ," ಅಂದಳು ರಂಗಕ್ಕ.

ವೀರೇಶ್ ಬೇಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನಲವತ್ತರ ಮನುಷ್ಯ, ಒಳ್ಳೆಯವರು, ಹೆಚ್ಚು ಕೂಗಾಡುವವರಲ್ಲ.

"ಯಾರಮ್ಮ ಇದು ಕಡಿದದ್ದು?"

ಅತಿಥಿಗಳು ಕಡಿದದ್ದು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಜಂಬುಲಿಂಗಪ್ಪನ ಮನೆಯವರು ಇನ್ನೂ ಮಲಗಿದ್ದರು.

"ನಮ್ಮಪ್ಪ, ಸರ್."

ವೀರೇಶ್ ಓಬಯ್ಯನನ್ನು ನೋಡಿದರು. ಬೇಲಿಯನ್ನು ಮತ್ತೆ ನೋಡಿದರು. ಒಂದು ಕೊಂಬೆ ಹಿಡಿದು ಎಳೆದರು, ಬರಲಿಲ್ಲ.

"ಹೆಣಿಗೆ ಚೆನ್ನಾಗಿದೆ," ಅಂದರು. "ನೋಡ್ರಿ ಓಬಯ್ಯ, ಹಳೇ ಅಭ್ಯಾಸ, ಒಂದು ಸಲ ಬಿಡ್ತೀನಿ. ಇನ್ನೊಂದು ಸಲ ಆಗಬಾರದು. ಈಗ ಕೆಲಸದ ಮಾತು. ಬರೀ ಬೆಂಕಿ ನೋಡೋದಲ್ಲ. ಮೂಡಲ ಕಡೆಯಿಂದ ಕುರಿಯವರು ಹತ್ತುತ್ತಾರೆ. ಹೊಸ ಹುಲ್ಲು ಬರಲಿ ಅಂತ ಒಣಹುಲ್ಲಿಗೆ ಕಡ್ಡಿ ಗೀರೋರೂ ಅವರಲ್ಲೇ ಇದ್ದಾರೆ. ಅವರನ್ನ ತಡೀಬೇಕು, ಕುಡುಗೋಲು ಕಿತ್ಕೋಬೇಕು, ನಮಗೆ ಫೋನ್ ಮಾಡಬೇಕು. ಆ ದಾರಿಗಳು ನಿಮಗೆ ಗೊತ್ತಿದ್ದಷ್ಟು ನಮ್ಮ ಹುಡುಗರಿಗೆ ಗೊತ್ತಿಲ್ಲ. ಅದಕ್ಕೇ ನೀವು ಬೇಕು."

ಓಬಯ್ಯ ತಲೆ ಕೆರೆದುಕೊಂಡ.

"ನಮ್ಮ ಷಡ್ಡಕ ಜುಂಜಪ್ಪ ಅಂತ. ಅವ್ನತ್ರ ಇನ್ನೂ ಕುರಿ ಅದಾವೆ. ಅವ್ನು ಬಂದ್ರೆ?"

"ಯಾರು ಬಂದರೂ ಒಂದೇ."

ಓಬಯ್ಯ ಮಗಳ ಕಡೆ ತಿರುಗಿದ. "ನೀನು ಯಾರದ್ದಾದ್ರೂ ಕುಡುಗೋಲು ಕಿತ್ಕೊಂಡೀಯಾ?"

"ಹೂಂ."

"ಎಷ್ಟು?"

"ಎರಡು. ಹೋದ ವರ್ಷ."

"ಯಾರವು?"

"ಹೆಸರು ಕೇಳಲಿಲ್ಲಪ್ಪ."

ಒಬ್ಬನಿಗೆ ಅಪ್ಪನಷ್ಟೇ ವಯಸ್ಸಾಗಿತ್ತು ಅನ್ನುವುದನ್ನು ಅವಳು ಹೇಳಲಿಲ್ಲ. ಆ ಮುದುಕ ಕುಡುಗೋಲು ಕೊಟ್ಟು, "ಮಗಾ, ಇದರ ಹಿಡಿ ನಮ್ಮಪ್ಪ ಮಾಡಿದ್ದು" ಅಂದಿದ್ದ. ಅವಳು ರಶೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಳು.

"ನಿನ್ನ ಕೆಲಸ ಅದು. ಮಾಡ್ಬೇಕು, ಮಾಡು," ಅಂದ ಓಬಯ್ಯ. ಆಮೇಲೆ ವೀರೇಶ್ ಅವರಿಗೆ ಕೈ ಮುಗಿದ. "ನನ್ನ ಕೈಲಿ ಆಗಲ್ಲ ಸ್ವಾಮಿ. ಅವ್ರು ಯಾವ ಬಂಡೆ ಹಿಂದೆ ಕೂತಿರ್ತಾರೆ ಅಂತ ನಂಗೊತ್ತು. ಗೊತ್ತಿರೋದ್ರಿಂದ್ಲೇ ಆಗಲ್ಲ."

ವೀರೇಶ್ ಬಲವಂತ ಮಾಡಲಿಲ್ಲ. ಅತಿಥಿಗಳು ಏಳುವುದರೊಳಗೆ ಮುಳ್ಳು ತೆಗೆಸಲು ಹೇಳಿ, ಬೆಂಕಿ ಹರಡದಂತೆ ಹುಲ್ಲು ಕೆತ್ತಿದ ಬೆಂಕಿ ಗೆರೆ ನೋಡಲು ಕಾಡಿನೊಳಗೆ ನಡೆದರು. ಜೀಪು ಅಲ್ಲೇ ಇತ್ತು. ಬಸ್ಸಿನ ತನಕ ಇವರನ್ನು ಬಿಟ್ಟು ಬರಲು ಡ್ರೈವರನಿಗೆ ಹೇಳಿದ್ದರು.

ಅಪ್ಪ ಮಗಳು ಬೇಲಿ ಬಿಚ್ಚತೊಡಗಿದರು. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಮುಳ್ಳು ಮುಳ್ಳನ್ನು ಹಿಡಿದುಕೊಂಡಿತ್ತು. ರೂಪಳ ಮುಂಗೈ ಗೀರಿ ರಕ್ತ ಬಂತು.

"ಊರಿಗೆ ಹೋಗಿ ಏನು ಮಾಡ್ತೀಯಾ?" ಅಂದಳು ಸಿಟ್ಟಿನಲ್ಲಿ. "ಗೋಡೆ ನೋಡ್ತೀಯಾ?"

"ಬುಡ ಹಿಡ್ದು ಎಳಿ. ತುದಿ ಹಿಡೀಬ್ಯಾಡ."

"ಕೇಳಿದ್ದಕ್ಕೆ ಹೇಳು."

"ಜುಂಜಪ್ಪನತ್ರ ಹೋಗ್ತೀನಿ. ಕುರಿ ಹಿಂದೆ ಹೋಗಾಕೆ ಆಳಿಲ್ಲ ಅಂತ ಹೋದ ದೀಪಾವಳಿಯಿಂದ ಬಡ್ಕೋತಾ ಅವ್ನೆ. ನಾನೇ ಹೂಂ ಅಂದಿರ್ಲಿಲ್ಲ. ಇನ್ನೊಬ್ರ ಕುರಿ ಅಂತ ನಾಚಿಕೆ ಆಗಿತ್ತು." ಒಂದು ಕೊಂಬೆ ಎಳೆದು ಹಿಂದಕ್ಕೆಸೆದ. "ನಿನ್ನೆ ಕವಳಿ ಕಡೀತಾ ಕಡೀತಾ ನಾಚಿಕೆ ಹೋತು."

ರೂಪ ನೆಟ್ಟಗೆ ನಿಂತಳು. "ಅವನ ಕುರಿ ಈ ಬೆಟ್ಟಕ್ಕೇ ಬರ್ತಾವೆ."

"ಹೂಂ. ಬ್ಯಾರೆ ಎಲ್ಲೈತೆ ಹುಲ್ಲು?"

"ನಾನು ಸುಮ್ನಿರಲ್ಲಪ್ಪ. ನೀನು ಅಂತ ಬಿಡಂಗಿಲ್ಲ."

"ಬಿಡು ಅಂತ ನಾನು ಅಂದ್ನಾ? ಕಿತ್ಕೋ." ಓಬಯ್ಯ ಅವಳ ಮುಂಗೈಯಲ್ಲಿ ಮುರಿದಿದ್ದ ಮುಳ್ಳನ್ನು ಉಗುರಿನಿಂದ ಎತ್ತಿ ತೆಗೆದ. "ಆದ್ರೆ ಮೊದ್ಲು ನೀರು ಕೊಡು. ಮೂಡಲ ಕಡೆಯಿಂದ ಹತ್ತಿ ಬರೋ ಹೊತ್ತಿಗೆ ಗಂಟಲು ಒಣಗಿ ಮಾತು ಹೊರಡಲ್ಲ. ನೀರು ಕೊಟ್ಟು, ಹೆಸರು ಕೇಳಿ, ಆಮೇಲೆ ಕಿತ್ಕೋ. ಯಾರದ್ದಾದ್ರೂ ಅಷ್ಟೇ."

ಹತ್ತು ಗಂಟೆಗೆ ನೆಲ ಬಯಲಾಯಿತು. ಮುಳ್ಳಿನ ರಾಶಿಯನ್ನು ಅಡುಗೆಮನೆಯ ಹಿಂದೆ ಹಾಕಿದರು. ಆಗಷ್ಟೇ ಎದ್ದ ಜಂಬುಲಿಂಗಪ್ಪ ಹಲ್ಲುಜ್ಜುತ್ತಾ ಬಂದು, "ಏನಪ್ಪ ಓಬಯ್ಯ, ಇವತ್ತು ರಾತ್ರಿ ಇರ್ತೀಯಾ? ಆ ಆಲಿಕಲ್ಲಿನ ಕತೆ ನಮ್ಮ ಮೊಮ್ಮಕ್ಕಳಿಗೆ ಹೇಳಬೇಕಿತ್ತು," ಅಂದರು.

"ಇಲ್ಲ ಸ್ವಾಮಿ, ಕುರಿ ಕಾಯ್ತಾ ಅದಾವೆ," ಅಂದ ಓಬಯ್ಯ, ನಿನ್ನೆ ಮೊನ್ನೆ ಬಿಟ್ಟು ಬಂದವನ ಹಾಗೆ.

ಜೀಪು ಹೊರಟಿತು. ರಂಗಕ್ಕ ಹಿಂದಿನಿಂದ ತಲೆ ಹೊರಹಾಕಿ, ಗಾಯಕ್ಕೆ ಅರಿಶಿನ ಹಚ್ಚು ಅಂತ ಕೂಗುತ್ತಲೇ ಇದ್ದಳು. ಅಪ್ಪ ತಿರುಗಿ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಬೆಟ್ಟದ ಮೂಡಲ ಬದಿಯತ್ತ ಕೈ ಚಾಚಿ ಡ್ರೈವರನಿಗೆ ಏನೋ ವಿವರಿಸುತ್ತಿದ್ದ. ತಿರುವಿನಲ್ಲಿ ಜೀಪು ಮರೆಯಾದ ಮೇಲೂ ಒಂದಷ್ಟು ಹೊತ್ತು ಅವನ ದನಿ ಮೇಲಕ್ಕೆ ಕೇಳಿಸುತ್ತಿತ್ತು.